ಅಮ್ಮನ ಮರೆವಿಗೆ ಎಂಟು ತಿಂಗಳು ಕೊಟ್ಟ ಕ್ಯಾಪ್ಸೂಲ್

ಮೊನ್ನೆ ರಾತ್ರಿ ಚಿಕ್ಕಪ್ಪನ ಮಗ ವಾಟ್ಸಾಪಲ್ಲಿ ಒಂದು ಫೋಟೋ ಕಳಿಸಿದ. ಹಸಿರು ಲೇಬಲ್ಲಿನ ಬಾಟಲ್, ಮೇಲೊಂದು ಎಲೆ, ಎಲೆ ಒಳಗೆ ಮೆದುಳಿನ ಚಿತ್ರ. ಕೆಳಗಡೆ "ಅಕ್ಕಾ, ಅಪ್ಪ ಇತ್ತೀಚೆಗೆ ತುಂಬಾ ಮರೀತಿದಾರೆ, ಇದು ಕೊಡ್ಬಹುದಾ? ಗಿಡಮೂಲಿಕೆದು, ಸೈಡ್ ಎಫೆಕ್ಟ್ ಇಲ್ವಂತೆ" ಅಂತ ಬರ್ದಿದ್ದ. ಉತ್ತರ ಟೈಪ್ ಮಾಡ್ತಾ ಹೋದೆ, ಅಳಿಸ್ದೆ, ಮತ್ತೆ ಟೈಪ್ ಮಾಡ್ದೆ, ಕೊನೆಗೆ ಬೇಡ ಅಂತ ಫೋನೇ ಮಾಡಿ ಮುಕ್ಕಾಲು ಗಂಟೆ ಮಾತಾಡ್ದೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೀತಿದೀನಿ, ಫೋನಲ್ಲಿ ಹೇಳೋಕಾಗದೇ ಇದ್ದಿದ್ದನ್ನೂ ಸೇರಿಸಿ.

ಯಾಕಂದ್ರೆ ಮೂರು ವರ್ಷದ ಹಿಂದೆ ಹೆಚ್ಚುಕಮ್ಮಿ ಅಂಥದ್ದೇ ಬಾಟಲ್ ನಾನೇ ತಂದಿದ್ದೆ, ಅಮ್ಮಂಗೆ.

ಅಮ್ಮಂಗೆ ಆಗ 73. ಒಂದೇ ಪ್ರಶ್ನೆನ ಅರ್ಧ ಗಂಟೇಲಿ ಮೂರು ಸಲ ಕೇಳೋರು. ಒಲೆ ಮೇಲೆ ಪಾತ್ರೆ ಇಟ್ಟು ಒಳಗೆ ಹೋಗಿ ಕೂತ್ಬಿಡೋರು. ಪಕ್ಕದ ಮನೆಯವರ ಹೆಸರು ಬಾಯಿಗೆ ಬರ್ದೆ "ಅವ್ರು, ಅದೇ ಅವ್ರು" ಅಂತ ಕೈ ಆಡಿಸೋರು. ನೆಂಟರೆಲ್ಲ ಅರವತ್ತಕ್ಕೆ ಅರಳುಮರಳು ಅಂತ ಗಾದೇನೇ ಇದೆಯಲ್ಲ, ಇವ್ರಿಗೆ ಎಪ್ಪತ್ತು ದಾಟಿದೆ, ಇಷ್ಟಾದ್ರೂ ಆಗ್ಬೇಡ್ವಾ ಅಂತ ಸಮಾಧಾನ ಹೇಳ್ತಿದ್ರು. ಆ ಗಾದೆ ಮೇಲೆ ನಂಗೆ ಈಗ ನಿಜವಾಗ್ಲೂ ಸಿಟ್ಟಿದೆ. ವಯಸ್ಸಾದ್ಮೇಲೆ ಮರೆವು ಸಹಜ ಅಂತ ಒಂದ್ಸಲ ಒಪ್ಕೊಂಡ್ಬಿಟ್ರೆ ಯಾಕೆ ಮರೀತಿದಾರೆ ಅನ್ನೋ ಪ್ರಶ್ನೆ ಅಲ್ಲಿಗೇ ನಿಂತೋಗತ್ತೆ. ನಂದೂ ನಿಂತೋಯ್ತು. ಗಿಂಕ್ಗೊ ಅನ್ನೋ ಮರದ ಎಲೆ ಸಾರ ಮತ್ತೆ ಬ್ರಾಹ್ಮಿ ಎರಡೂ ಸೇರಿಸಿದ ಕ್ಯಾಪ್ಸೂಲ್ ತಂದು ಬೆಳಿಗ್ಗೆ ಒಂದು ರಾತ್ರಿ ಒಂದು ಅಂತ ಎಂಟು ತಿಂಗಳು ಕೊಟ್ಟೆ. ಡಾಕ್ಟ್ರಿಗೆ ಹೇಳ್ಲಿಲ್ಲ. ಅದು ಔಷಧಿ ಅಂತ ನಂಗೆ ಅನ್ನಿಸ್ಲೇ ಇಲ್ಲ, ಗಿಡದ್ದಲ್ವಾ, ಊಟದ ಜೊತೆ ಸೊಪ್ಪು ತಿಂದ ಹಾಗೆ ಅಂದ್ಕೊಂಡಿದ್ದೆ.

ಎಂಟನೇ ತಿಂಗಳಲ್ಲಿ ಒಂದಿನ ಅಮ್ಮಂಗೆ ಸ್ನಾನಕ್ಕೆ ಸಹಾಯ ಮಾಡೋವಾಗ ತೋಳು ನೋಡ್ದೆ. ಅಲ್ಲಲ್ಲಿ ನೀಲಿ ಕಲೆ, ಎಲ್ಲೂ ಬಿದ್ದಿರ್ಲಿಲ್ಲ, ಪೆಟ್ಟಾಗಿರ್ಲಿಲ್ಲ. ಡಾಕ್ಟ್ರ ಹತ್ರ ಹೋದಾಗ ಅವರು ಮೊದಲು ಕೇಳಿದ್ದು "ಮನೇಲಿರೋ ಮಾತ್ರೆ ಎಲ್ಲಾ ತಂದಿದೀರಾ?" ಅಂತ. ಪುಣ್ಯಕ್ಕೆ ಕವರ್ ಪೂರ್ತಿ ಹಾಕ್ಕೊಂಡು ಹೋಗಿದ್ದೆ. ಅಮ್ಮ ಹೃದಯಕ್ಕೆ ಅಂತ ವರ್ಷಗಳಿಂದ ಚಿಕ್ಕ ಡೋಸಿನ ಆಸ್ಪಿರಿನ್ ತಗೋತಿದ್ರು. ಆಸ್ಪಿರಿನ್ ರಕ್ತ ಹೆಪ್ಪುಗಟ್ಟೋದನ್ನ ಕಮ್ಮಿ ಮಾಡತ್ತೆ, ಗಿಂಕ್ಗೊಗೂ ಆ ಗುಣ ಸ್ವಲ್ಪ ಇರಬಹುದು ಅನ್ನೋ ಕಾರಣಕ್ಕೆ ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರಿಗೆ, ಅದ್ರಲ್ಲೂ ವಾರ್ಫರಿನ್ ಇರೋರಿಗೆ, ಇದು ಬೇಡ ಅಂತ ಎಚ್ಚರಿಸ್ತಾರಂತೆ. ಕಲೆಗಳು ಕ್ಯಾಪ್ಸೂಲಿಂದಲೇ ಬಂದ್ವು ಅಂತ ಅವರು ಹೇಳ್ಲಿಲ್ಲ, ವಯಸ್ಸಾದ ಚರ್ಮ ಆಸ್ಪಿರಿನ್ ಒಂದರಿಂದಲೇ ಹಾಗಾಗಬಹುದು ಅಂದ್ರು, ಆದ್ರೆ ನಿಲ್ಸಿ ಅಂದ್ರು. ಆಮೇಲೆ ಅಮ್ಮನ ಮರೆವಿನ ಬಗ್ಗೆ ಕೇಳೋಕೆ ಶುರು ಮಾಡಿದ್ರು. ಯಾವಾಗಿಂದ, ಬೆಳಿಗ್ಗೆ ಜಾಸ್ತಿನೋ ಸಂಜೆ ಜಾಸ್ತಿನೋ, ಕಾಲು ಜೋಮು ಹಿಡಿಯತ್ತಾ, ಟಿವಿ ಸೌಂಡ್ ಎಷ್ಟಿಟ್ಕೋತಾರೆ. ಆ ಎಂಟು ತಿಂಗಳಲ್ಲಿ ನಾನು ಇದ್ರಲ್ಲಿ ಒಂದನ್ನೂ ಕೇಳಿರ್ಲಿಲ್ಲ.

ರಕ್ತ ಪರೀಕ್ಷೇಲಿ ವಿಟಮಿನ್ ಬಿ12 ತುಂಬಾ ಕೆಳಗಿತ್ತು. ಅಮ್ಮ ಶುಗರಿಗೆ 11 ವರ್ಷದಿಂದ ಮೆಟ್ಫಾರ್ಮಿನ್ ತಗೋತಿದ್ರು, ಅದನ್ನ ಬಹಳ ವರ್ಷ ತಗೊಂಡ್ರೆ ಬಿ12 ಹೀರಿಕೊಳ್ಳೋದು ಕಮ್ಮಿ ಆಗತ್ತೆ ಅಂತ ಗೊತ್ತಿರೋ ವಿಷಯನೇ, ಆಸಿಡಿಟಿಗೆ ದಿನಾ ತಗೊಳ್ಳೋ ಮಾತ್ರೇನೂ ಅದನ್ನೇ ಮಾಡತ್ತೆ, ಅಮ್ಮ ಎರಡನ್ನೂ ತಗೋತಿದ್ರು. ಬಿ12 ಕಮ್ಮಿ ಇದ್ರೆ ಮರೆವು, ಗೊಂದಲ, ಕೈಕಾಲು ಜೋಮು ಎಲ್ಲಾ ಬರತ್ತೆ, ಮತ್ತೆ ತಡ ಆದಷ್ಟೂ ನರಕ್ಕೆ ಆದ ಹಾನಿ ವಾಪಸ್ ಬರೋದು ಕಷ್ಟ. ಇದು ಓದಿದ ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ. ಎಂಟು ತಿಂಗಳು ನಾನು ಏನೋ ಮಾಡ್ತಿದೀನಿ ಅಂದ್ಕೊಂಡಿದ್ದೆ.

ಇಂಜೆಕ್ಷನ್ ಶುರು ಆದ್ಮೇಲೆ ಕೆಲವು ತಿಂಗಳಲ್ಲಿ ಅಮ್ಮ ಮಾತಲ್ಲಿ ಚುರುಕಾದ್ರು, ಪಕ್ಕದ ಮನೆಯವರ ಹೆಸರು ವಾಪಸ್ ಬಂತು, ಕಾಲಿನ ಜೋಮು ಪೂರ್ತಿ ಹೋಗ್ಲಿಲ್ಲ. ಮರೆವೂ ಪೂರ್ತಿ ಹೋಗ್ಲಿಲ್ಲ. ಇವತ್ತಿಗೂ ಸ್ವಲ್ಪ ಇದೆ, ಆರು ತಿಂಗಳಿಗೊಮ್ಮೆ ತೋರಿಸ್ತೀವಿ.

ಆಮೇಲೆ ನಾನು ಓದೋಕೆ ಕೂತೆ. ನಾನು ಡಾಕ್ಟರಲ್ಲ, ಆದ್ರೆ ಟ್ರಯಲ್, ಅಂದ್ರೆ ಜನರ ಮೇಲೆ ಔಷಧಿ ಪರೀಕ್ಷೆ ಮಾಡಿದ ರಿಪೋರ್ಟ್ ಹೇಗೆ ಓದ್ಬೇಕು ಅಂತ ಕಷ್ಟಪಟ್ಟು ಕಲ್ತೆ, ಎಷ್ಟು ಜನ, ಎಷ್ಟು ದಿನ, ಆರೋಗ್ಯವಾಗಿರೋರಾ ಕಾಯಿಲೆ ಇರೋರಾ, ಔಷಧಿ ಇಲ್ಲದ ಡಮ್ಮಿ ಮಾತ್ರೆ ಜೊತೆ ಹೋಲ್ಸಿದಾರಾ, ಈ ನಾಲ್ಕು ನೋಡಿದ್ರೆ ಅರ್ಧ ವಿಷಯ ಗೊತ್ತಾಗತ್ತೆ.

ಗಿಂಕ್ಗೊ ಬಗ್ಗೆ ನಡೆದಷ್ಟು ದೊಡ್ಡ ಪರೀಕ್ಷೆ ಬೇರೆ ಯಾವ ಗಿಡದ ಮೇಲೂ ಅಪರೂಪ. ಅಮೆರಿಕದಲ್ಲಿ 75 ವರ್ಷ ದಾಟಿದ 3,069 ಜನರನ್ನ ತಗೊಂಡು ಅರ್ಧ ಜನಕ್ಕೆ ದಿನಾ ಎರಡು ಸಲ 120 ಮಿಲಿಗ್ರಾಂ ಗಿಂಕ್ಗೊ, ಇನ್ನರ್ಧ ಜನಕ್ಕೆ ಡಮ್ಮಿ, ಸುಮಾರು ಆರು ವರ್ಷ ಹಿಂದೆ ಬಿದ್ದು ನೋಡಿದ್ರು. ಫಲಿತಾಂಶ 2008ರಲ್ಲಿ ಬಂತು. ಗಿಂಕ್ಗೊ ತಗೊಂಡೋರಲ್ಲಿ 277 ಜನಕ್ಕೆ ಡಿಮೆನ್ಷಿಯಾ, ಅಂದ್ರೆ ದಿನನಿತ್ಯದ ಬದುಕಿಗೇ ತೊಂದರೆ ಆಗೋಷ್ಟು ಮರೆವಿನ ಕಾಯಿಲೆ, ಬಂತು, ಡಮ್ಮಿ ತಗೊಂಡೋರಲ್ಲಿ 246 ಜನಕ್ಕೆ. ಅಂದ್ರೆ ತಡೆಯೋದಿರ್ಲಿ, ಲೆಕ್ಕ ಆ ಕಡೆಗೆ ಒಂಚೂರು ಜಾಸ್ತಿನೇ ಇದೆ, ಆ ವ್ಯತ್ಯಾಸ ಆಕಸ್ಮಿಕ ಅನ್ನೋಷ್ಟು ಚಿಕ್ಕದು. ಅದೇ ಜನರ ನೆನಪು, ಗಮನ, ಭಾಷೆ ಇಳಿಯೋ ವೇಗ ಏನಾದ್ರೂ ಕಮ್ಮಿ ಆಯ್ತಾ ಅಂತ ಮರುವರ್ಷ ಬಿಡಿಸಿ ನೋಡಿದ್ರು, ಅದೂ ಇಲ್ಲ. ಫ್ರಾನ್ಸಲ್ಲಿ ಇನ್ನೊಂದು ನಡೀತು, 2012ರಲ್ಲಿ ಪ್ರಕಟ ಆಗಿದ್ದು, 70 ದಾಟಿದ 2,854 ಜನ, ಐದು ವರ್ಷ. ಇದು ನನ್ನ ಮನಸ್ಸಿಗೆ ಜಾಸ್ತಿ ತಾಗಿದ್ದು, ಯಾಕಂದ್ರೆ ಇದಕ್ಕೆ ಆರಿಸಿಕೊಂಡಿದ್ದು ತಾವಾಗೇ ಡಾಕ್ಟ್ರ ಹತ್ರ ಹೋಗಿ "ನಂಗೆ ಮರೆವು ಜಾಸ್ತಿ ಆಗಿದೆ" ಅಂದೋರನ್ನ, ಹೆಚ್ಚುಕಮ್ಮಿ ಅಮ್ಮನ ಥರದವ್ರನ್ನ. ಅಲ್ಲೂ ಗಿಂಕ್ಗೊ ಆಲ್ಝೈಮರ್ ತಡೀಲಿಲ್ಲ, ಡಿಮೆನ್ಷಿಯಾದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣೋ ಥರ ಅದು.

ಇದನ್ನ ಹೇಳಿದ್ರೆ ಜನ ಹೇಳೋದು ಒಂದೇ ಮಾತು, "ಇಲ್ಲ, ನಮ್ಮತ್ತೆಗೆ ಕೊಟ್ವಿ, ತುಂಬಾ ವಾಸಿ". ಅವರು ಸುಳ್ಳು ಹೇಳ್ತಿಲ್ಲ. ನಂಗೂ ಎರಡನೇ ತಿಂಗಳಲ್ಲಿ ಅಮ್ಮ ವಾಸಿ ಅನ್ನಿಸಿತ್ತು, ಎಲ್ಲರ ಹತ್ರನೂ ಹೇಳ್ಕೊಂಡು ಬಂದಿದ್ದೆ. ಮರೆವು ಅನ್ನೋದು ದಿನಾ ಒಂದೇ ಥರ ಇರಲ್ಲ, ಏರಿಳಿತ ಇರತ್ತೆ, ನಾವು ಬಾಟಲ್ ತರೋದು ತೀರಾ ಕೆಟ್ಟ ವಾರ ಕಳೆದ್ಮೇಲೆ, ಅದರ ಮುಂದಿನ ವಾರ ಏನೂ ಮಾಡ್ದೇ ಇದ್ರೂ ಸ್ವಲ್ಪ ವಾಸಿ ಇರೋದೇ ಜಾಸ್ತಿ. ಅದರ ಮೇಲೆ, ಕ್ಯಾಪ್ಸೂಲ್ ಕೊಡೋ ನೆಪದಲ್ಲಿ ದಿನಕ್ಕೆರಡು ಸಲ ಅಮ್ಮನ ಪಕ್ಕ ಕೂತು ಮಾತಾಡ್ತಿದ್ದೆ, ಅದಕ್ಕೆ ಮುಂಚೆ ಅಷ್ಟು ಕೂರ್ತಿರ್ಲಿಲ್ಲ. ನೆನಪಿನ ಟೆಸ್ಟ್ ಮಾಡೋವಾಗ್ಲೂ ಹೀಗೇ, ಅದೇ ಪರೀಕ್ಷೆನ ಎರಡನೇ ಸಲ ಬರೆಯೋರು ಔಷಧಿ ಇಲ್ದೇನೂ ಮೊದಲ ಸಲಕ್ಕಿಂತ ಚೆನ್ನಾಗಿ ಮಾಡ್ತಾರೆ. ಡಮ್ಮಿ ಮಾತ್ರೆ ಗುಂಪು ಒಂದು ಇರ್ಲೇಬೇಕು ಅನ್ನೋದು ಅದಕ್ಕೇ.

ಬ್ರಾಹ್ಮಿ ಕಥೆ ಬೇರೆ, ಇಲ್ಲಿ ನಂಗೆ ಸ್ವಲ್ಪ ಆಸೆನೂ ಇದೆ. ಮೊದಲು ಒಂದು ಗೊಂದಲ ತೆಗೀಬೇಕು. ಬ್ರಾಹ್ಮಿ ಅನ್ನೋ ಹೆಸರಲ್ಲಿ ಎರಡು ಗಿಡ ಓಡಾಡ್ತವೆ. ನಾವು ಒಂದೆಲಗ ಅಂತೀವಲ್ಲ, ದುಂಡನೆ ಎಲೆದು, ಅದು ಸೆಂಟೆಲ್ಲಾ ಏಷ್ಯಾಟಿಕಾ. ಟ್ರಯಲ್‌ಗಳಲ್ಲಿ ಹೆಚ್ಚಾಗಿ ಬಳಸಿರೋ ಬ್ರಾಹ್ಮಿ ಬಕೋಪಾ ಮೊನ್ನಿಯೇರಿ, ಚಿಕ್ಕ ದಪ್ಪ ಎಲೆ, ಒದ್ದೆ ನೆಲದಲ್ಲಿ ಹಬ್ಬೋದು, ನೀರುಬ್ರಾಹ್ಮಿ ಅನ್ನೋದು ಇದನ್ನೇ. ಎರಡೂ ಬೇರೆ ಬೇರೆ ಕುಟುಂಬದ ಗಿಡ, ಒಳಗಿರೋ ರಾಸಾಯನಿಕಗಳೂ ಬೇರೆ. ಒಂದರ ಮೇಲೆ ಮಾಡಿದ ಸ್ಟಡಿ ತೋರಿಸಿ ಇನ್ನೊಂದನ್ನ ಮಾರಿದ್ರೆ ಅದಕ್ಕೆ ಅರ್ಥ ಇಲ್ಲ, ಲೇಬಲಲ್ಲಿ ಲ್ಯಾಟಿನ್ ಹೆಸರು ಇಲ್ದೆ ಬರೀ ಬ್ರಾಹ್ಮಿ ಅಂತಿದ್ರೆ ಒಳಗಿರೋದು ಯಾವುದು ಅಂತ ಹೇಳೋಕೇ ಆಗಲ್ಲ.

ಬಕೋಪಾದ ಮೇಲೆ ವಯಸ್ಸಾದವ್ರಲ್ಲಿ ಮಾಡಿದ ಒಂದೆರಡು ಪರೀಕ್ಷೆ ನಿಜಕ್ಕೂ ಗಮನ ಕೊಡೋ ಹಾಗಿವೆ. 2008ರಲ್ಲಿ ಅಮೆರಿಕದ್ದು, 65 ದಾಟಿದ 54 ಜನ, ದಿನಕ್ಕೆ 300 ಮಿಲಿಗ್ರಾಂ, 12 ವಾರ. 2010ರಲ್ಲಿ ಆಸ್ಟ್ರೇಲಿಯಾದ್ದು, 55 ದಾಟಿದ 98 ಜನ, ಅಷ್ಟೇ ಡೋಸ್, ಅಷ್ಟೇ ವಾರ. ಎರಡರಲ್ಲೂ ಪದಗಳ ಪಟ್ಟಿ ಓದಿ ಹೇಳಿ, ಸ್ವಲ್ಪ ಹೊತ್ತು ಬೇರೇನೋ ಮಾಡಿಸಿ, ಆಮೇಲೆ ಎಷ್ಟು ನೆನಪಿದೆ ಅಂತ ಕೇಳಿದಾಗ ಬ್ರಾಹ್ಮಿ ತಗೊಂಡೋರು ಡಮ್ಮಿ ತಗೊಂಡೋರಿಗಿಂತ ಚೆನ್ನಾಗಿ ಮಾಡಿದ್ರು. ಖುಷಿ ಪಡೋ ವಿಷಯನೇ, ಆದ್ರೆ ಅವರೆಲ್ಲ ಡಿಮೆನ್ಷಿಯಾ ಇಲ್ದೇ ಇರೋ, ಚೆನ್ನಾಗೇ ಇದ್ದ ವಯಸ್ಸಾದವರು, ನೋಡಿದ್ದು ಮೂರು ತಿಂಗಳು, ಜನ ಹತ್ತಾರು. ಮೂರು ತಿಂಗಳಲ್ಲಿ ಪಟ್ಟಿಯ ಒಂದೆರಡು ಪದ ಜಾಸ್ತಿ ನೆನಪಾಗೋದಕ್ಕೂ ಐದು ವರ್ಷ ಆದ್ಮೇಲೆ ಅಮ್ಮ ಒಲೆ ಆರಿಸೋದನ್ನ ಮರೀದೇ ಇರೋದಕ್ಕೂ ನಡುವೆ ಬಹಳ ದೂರ ಇದೆ. ಆಸ್ಟ್ರೇಲಿಯಾ ಪರೀಕ್ಷೇಲಿ ಹೊಟ್ಟೆ ನುಲಿತ, ವಾಕರಿಕೆ, ಪದೇ ಪದೇ ಟಾಯ್ಲೆಟ್ಟಿಗೆ ಹೋಗೋದು ಬ್ರಾಹ್ಮಿ ಗುಂಪಲ್ಲಿ ಜಾಸ್ತಿ ಇತ್ತು. ಅಮ್ಮಂಗೂ ಆ ತಿಂಗಳುಗಳಲ್ಲಿ ಹೊಟ್ಟೆ ಸರಿ ಇರ್ಲಿಲ್ಲ, ನಾನು ಊಟನ ಬೈದಿದ್ದೆ. ಗಿಂಕ್ಗೊ ಮೇಲೆ ಮಾಡಿದ ಹಾಗೆ ಸಾವಿರಾರು ಜನರ ಮೇಲೆ, ಐದಾರು ವರ್ಷ, ಬ್ರಾಹ್ಮಿನೂ ಯಾರಾದ್ರೂ ಪರೀಕ್ಷೆ ಮಾಡ್ಲಿ ಅನ್ನೋದು ನನ್ನ ನಿಜವಾದ ಆಸೆ.

ಅರಿಶಿನದ ಕರ್ಕ್ಯುಮಿನ್ ಬಗ್ಗೆ ಚಿಕ್ಕಪ್ಪನ ಮಗನೂ ಕೇಳ್ದ, ಎಲ್ರೂ ಕೇಳ್ತಾರೆ. ನುಂಗಿದ ಕರ್ಕ್ಯುಮಿನಲ್ಲಿ ರಕ್ತಕ್ಕೆ ಸೇರೋದು ತೀರಾ ಕಮ್ಮಿ, ಮಿಕ್ಕಿದ್ದು ಹಾಗೇ ಹೊರಗೆ ಹೋಗತ್ತೆ. 2018ರಲ್ಲಿ ಲಾಸ್ ಏಂಜಲೀಸಲ್ಲಿ ಚೆನ್ನಾಗಿ ಹೀರಿಕೊಳ್ಳೋ ಥರ ಮಾಡಿದ ಕರ್ಕ್ಯುಮಿನ್ ಕೊಟ್ಟು 18 ತಿಂಗಳಲ್ಲಿ ನೆನಪು ಸುಧಾರಿಸ್ತು ಅಂತ ಬಂತು, ಅದು ಪೇಪರಲ್ಲೆಲ್ಲಾ ಸುದ್ದಿ ಆಯ್ತು, ಆ ಪರೀಕ್ಷೇಲಿ ಇದ್ದೋರು ಒಟ್ಟು 40 ಜನ. ಅದಕ್ಕೆ ಮುಂಚೆ ಆಲ್ಝೈಮರ್ ಇದ್ದವರಲ್ಲಿ ಮಾಡಿದ ಚಿಕ್ಕ ಪರೀಕ್ಷೆಗಳಲ್ಲಿ ಏನೂ ಪ್ರಯೋಜನ ಕಂಡಿರ್ಲಿಲ್ಲ. ಹೀರಿಕೊಳ್ಳೋದು ಜಾಸ್ತಿ ಆಗ್ಲಿ ಅಂತ ಕೆಲವರು ಕರಿಮೆಣಸಿನ ಪೈಪರಿನ್ ಸೇರಿಸ್ತಾರೆ, ಅದು ಬೇರೆ ಮಾತ್ರೆಗಳೂ ರಕ್ತಕ್ಕೆ ಜಾಸ್ತಿ ಸೇರೋ ಹಾಗೆ ಮಾಡಬಹುದು, ದಿನಕ್ಕೆ ಏಳೆಂಟು ಮಾತ್ರೆ ನುಂಗೋ ವಯಸ್ಸಿನವರಿಗೆ ಅದು ಚಿಕ್ಕ ವಿಷಯ ಅಲ್ಲ. ಜಾಸ್ತಿ ಹೀರಿಕೊಳ್ಳೋ ಥರದ ಅರಿಶಿನದ ಕ್ಯಾಪ್ಸೂಲ್ ತಗೊಂಡು ಲಿವರ್ ಊದಿಕೊಂಡ ಪ್ರಕರಣಗಳೂ ದಾಖಲಾಗಿವೆ.

ಈಗ ಅವನು ಕಳಿಸಿದ ಬಾಟಲಿಗೆ ಬರ್ತೀನಿ. ಫೋಟೋ ದೊಡ್ಡದು ಮಾಡಿ ಹಿಂದಿನ ಲೇಬಲ್ ಓದಿದಾಗ ಹ್ಯೂಪರ್ಜಿನ್ ಎ ಅಂತ ಕಂಡ್ತು. ಇದು ಹ್ಯೂಪರ್ಜಿಯಾ ಸೆರಾಟಾ ಅನ್ನೋ ಪಾಚಿ ಥರದ ಗಿಡದಿಂದ ತೆಗೆಯೋದು. ಕೆಲಸ ಹೇಗೆ ಮಾಡತ್ತೆ ಅಂದ್ರೆ, ಮೆದುಳಲ್ಲಿ ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಅಂತ ಒಂದು ರಾಸಾಯನಿಕ ಇದೆ, ಅದನ್ನ ಒಡೆದು ಹಾಕೋ ಕಿಣ್ವ ಇದೆ, ಆ ಕಿಣ್ವನ ಇದು ತಡೆಯತ್ತೆ, ಅಸಿಟೈಲ್‌ಕೋಲಿನ್ ಜಾಸ್ತಿ ಹೊತ್ತು ಉಳಿಯತ್ತೆ. ಆಲ್ಝೈಮರ್ರಿಗೆ ಡಾಕ್ಟ್ರು ಬರೆದುಕೊಡೋ ಡೊನೆಪೆಜಿಲ್ ಮಾಡೋದೂ ಇದನ್ನೇ! ಅಂದ್ರೆ ಇದು ಸೊಪ್ಪಲ್ಲ, ಔಷಧಿನೇ. ಎರಡನ್ನೂ ಒಟ್ಟಿಗೆ ತಗೊಂಡ್ರೆ ವಾಕರಿಕೆ, ಭೇದಿ, ಹೃದಯದ ಬಡಿತ ನಿಧಾನ ಆಗೋದು, ತಲೆಸುತ್ತು ಬಂದು ಬೀಳೋದು, ಎಲ್ಲಕ್ಕೂ ದಾರಿ. ಅಮೆರಿಕದಲ್ಲಿ ಆಲ್ಝೈಮರ್ ಇರೋ 210 ಜನರ ಮೇಲೆ ಇದನ್ನ ಪರೀಕ್ಷೆ ಮಾಡಿದ್ರು, 2011ರಲ್ಲಿ ಬಂದ ಫಲಿತಾಂಶದಲ್ಲಿ ದಿನಕ್ಕೆರಡು ಸಲ 200 ಮೈಕ್ರೋಗ್ರಾಂ ಕೊಟ್ರೂ 16 ವಾರದಲ್ಲಿ ಡಮ್ಮಿಗಿಂತ ಜಾಸ್ತಿ ಪ್ರಯೋಜನ ಕಾಣ್ಲಿಲ್ಲ.

ಗಿಡದಿಂದ ಬಂದಿದ್ದು ಕೆಲಸಕ್ಕೆ ಬಾರದು ಅಂತ ನಾನು ಹೇಳ್ತಿಲ್ಲ, ಹಾಗೆ ಯಾರಾದ್ರೂ ಓದ್ಕೊಂಡ್ರೆ ಬೇಜಾರಾಗತ್ತೆ. ಗ್ಯಾಲಂಟಮಿನ್ ಅನ್ನೋ ಆಲ್ಝೈಮರ್ ಮಾತ್ರೆ ಮೊದಲು ಸಿಕ್ಕಿದ್ದು ಸ್ನೋಡ್ರಾಪ್ ಅನ್ನೋ ಬಿಳಿ ಹೂವಿನ ಗಿಡದಿಂದ. ಅದರಲ್ಲಿ ಏನಿದೆ ಅಂತ ಬೇರ್ಪಡಿಸಿ, ಡೋಸ್ ಎಷ್ಟು ಅಂತ ನೋಡಿ, ಯಾರಿಗೆ ಕೊಡ್ಬಾರ್ದು ಅಂತ ಕಂಡುಹಿಡಿದು, ಪರೀಕ್ಷೆ ಮೇಲೆ ಪರೀಕ್ಷೆ ಮಾಡಿ, 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ತು. ಅದೂ ಕಾಯಿಲೆನ ವಾಸಿ ಮಾಡಲ್ಲ, ಕೆಲವರಿಗೆ ಲಕ್ಷಣಗಳನ್ನ ಸ್ವಲ್ಪ ಕಾಲ ಹಿಡಿದಿಡತ್ತೆ. ಆ ಹೂವಿಗೆ ಮಾಡಿದಷ್ಟು ಕೆಲಸನ ಬೇರೆ ಗಿಡಕ್ಕೂ ಮಾಡಿ ಅಂತ ಕೇಳೋದು ಆ ಗಿಡಕ್ಕೆ ಕೊಡೋ ಮರ್ಯಾದೆನೇ.

ಸಪ್ಲಿಮೆಂಟ್ ಬಾಟಲಿಗೆ ಈ ಯಾವ ಬಿಗಿನೂ ಇಲ್ಲ. ಅಮೆರಿಕದಲ್ಲಿ 1994ರ ಕಾನೂನಿನ ಪ್ರಕಾರ ಸಪ್ಲಿಮೆಂಟ್ ಮಾರೋಕೆ ಮುಂಚೆ ಅದು ಕೆಲಸ ಮಾಡತ್ತೆ ಅಂತ ಸರ್ಕಾರಕ್ಕೆ ತೋರಿಸ್ಬೇಕಾಗಿಲ್ಲ. ಅಲ್ಲಿನ ಸಂಶೋಧಕರು 2020ರಲ್ಲಿ ಮೆದುಳು ಚುರುಕಾಗತ್ತೆ ಅಂತ ಮಾರೋ ಹತ್ತು ಸಪ್ಲಿಮೆಂಟ್ ಲ್ಯಾಬಲ್ಲಿ ಪರೀಕ್ಷೆ ಮಾಡಿದ್ರು, ಅಲ್ಲಿ ಒಪ್ಪಿಗೆ ಇಲ್ಲದ ಐದು ಔಷಧಿ ಅವುಗಳಲ್ಲಿ ಸಿಕ್ವು. ಅದರಲ್ಲೊಂದು ವಿನ್‌ಪೊಸೆಟಿನ್, ಗಿಡದ ಅಂಶದಿಂದ ಲ್ಯಾಬಲ್ಲಿ ಮಾಡೋದು. ಲೇಬಲ್ ಮೇಲಿನ ಎಲೆ ಚಿತ್ರ ನೋಡಿ ನಂಬೋ ಮಗಳಿಗೆ ಇದೆಲ್ಲ ಎಲ್ಲಿ ಗೊತ್ತಾಗತ್ತೆ.

"ಹಾಗಾದ್ರೆ ಏನ್ ಮಾಡ್ಲಿ ಅಕ್ಕಾ" ಅಂದ, ದನಿ ಸಣ್ಣದಾಗಿತ್ತು. ನಂಗೆ ಆ ದನಿ ಗೊತ್ತು. ಅಪ್ಪ ಕಣ್ಮುಂದೆನೇ ಸ್ವಲ್ಪ ಸ್ವಲ್ಪ ಕರಗ್ತಿರೋವಾಗ ಕೈಕಟ್ಟಿ ಕೂರೋಕಾಗಲ್ಲ, ಏನಾದ್ರೂ ಕೊಡ್ಬೇಕು ಅನ್ಸತ್ತೆ. ಅದಕ್ಕೇ ಮಾಡೋಕಿರೋ ಕೆಲಸ ಹೇಳ್ದೆ. ರಕ್ತ ಪರೀಕ್ಷೆ ಮಾಡ್ಸು, ಬಿ12, ಥೈರಾಯ್ಡ್, ಸೋಡಿಯಂ. ಮನಸ್ಸು ಕುಗ್ಗಿದೆಯಾ ನೋಡು, ಡಿಪ್ರೆಶನ್ ವಯಸ್ಸಾದವ್ರಲ್ಲಿ ಮರೆವಿನ ವೇಷದಲ್ಲೂ ಬರಬಹುದು. ಇತ್ತೀಚೆಗೆ ಬಿದ್ದು ತಲೆಗೆ ಪೆಟ್ಟಾಗಿತ್ತಾ ಕೇಳು. ಬಿಪಿ ಹದ್ದುಬಸ್ತಲ್ಲಿರ್ಲಿ. 2024ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ ಆಯೋಗ ಡಿಮೆನ್ಷಿಯಾಕ್ಕೆ ನಾವು ಬದಲಾಯಿಸಬಹುದಾದ 14 ಕಾರಣ ಪಟ್ಟಿ ಮಾಡ್ತು, ಅವನ್ನೆಲ್ಲ ಸರಿ ಮಾಡೋಕಾದ್ರೆ ಸುಮಾರು 45 ಶೇಕಡಾ ಪ್ರಕರಣ ತಡೆಯಬಹುದು ಇಲ್ಲಾ ಮುಂದೂಡಬಹುದು ಅಂತ. ಅದರಲ್ಲಿ ಶುಗರ್, ಬಿಪಿ, ಕೊಲೆಸ್ಟ್ರಾಲ್, ದೃಷ್ಟಿ ಕಮ್ಮಿ ಆದ್ರೂ ಹಾಗೇ ಬಿಡೋದು, ಒಂಟಿತನ, ಎಲ್ಲಾ ಇದೆ.

ಅದರಲ್ಲೂ ಕಿವಿ. ಡಾಕ್ಟ್ರು ಟಿವಿ ಸೌಂಡ್ ಕೇಳಿದ್ದು ಯಾಕೆ ಅಂತ ನಂಗೆ ಆಮೇಲೆ ಅರ್ಥ ಆಯ್ತು. ಅಮ್ಮಂಗೆ ಅರ್ಧ ಮಾತು ಕೇಳಿಸ್ತಾನೇ ಇರ್ಲಿಲ್ಲ, ಕೇಳಿಸ್ದೇ ಇದ್ದಿದ್ದನ್ನ ನೆನಪಿಟ್ಕೊಳ್ಳೋದಾದ್ರೂ ಹೇಗೆ, ನಾನು ಅದನ್ನೂ ಮರೆವಿನ ಲೆಕ್ಕಕ್ಕೇ ಹಾಕಿದ್ದೆ. 2023ರಲ್ಲಿ ಅಮೆರಿಕದಲ್ಲಿ 70ರಿಂದ 84 ವಯಸ್ಸಿನ 977 ಜನರ ಮೇಲೆ ಶ್ರವಣ ಸಾಧನದ ಪರೀಕ್ಷೆ ನಡೀತು, ಎಲ್ಲರನ್ನೂ ಸೇರಿಸಿ ನೋಡಿದ್ರೆ ಮೂರು ವರ್ಷದಲ್ಲಿ ವ್ಯತ್ಯಾಸ ಕಾಣ್ಲಿಲ್ಲ, ಆದ್ರೆ ಮೊದಲೇ ಅಪಾಯ ಜಾಸ್ತಿ ಇದ್ದ ಗುಂಪಲ್ಲಿ ಬುದ್ಧಿಶಕ್ತಿ ಇಳಿಯೋದು 48 ಶೇಕಡಾ ಕಮ್ಮಿ ಆಯ್ತು. ಅಮ್ಮಂಗೆ ಮಷಿನ್ ಹಾಕಿಸಿದ ಮೊದಲ ವಾರ ಕಿರಿಕಿರಿ ಅಂತ ತೆಗೆದು ತೆಗೆದು ಇಡ್ತಿದ್ರು. ಈಗ ಬೆಳಿಗ್ಗೆ ಎದ್ದ ತಕ್ಷಣ ಅದನ್ನೇ ಹುಡುಕ್ತಾರೆ, ಮೊಮ್ಮಗಳ ಜೊತೆ ಜಗಳ ಆಡ್ತಾರೆ, ನಂಗೆ ಆ ಜಗಳ ಕೇಳೋದೇ ಒಂದು ನೆಮ್ಮದಿ.

ಫೋನಿಡೋ ಮುಂಚೆ ಚಿಕ್ಕಪ್ಪ ತಗೊಳ್ಳೋ ಎಲ್ಲಾ ಮಾತ್ರೆದೂ ಫೋಟೋ ಕಳ್ಸು ಅಂದೆ, ಕೌಂಟರಲ್ಲಿ ಚೀಟಿ ಇಲ್ದೆ ತಗೊಂಡಿದ್ದೂ ಸೇರಿಸಿ. ಹತ್ತು ನಿಮಿಷದಲ್ಲಿ ಏಳು ಫೋಟೋ ಬಂತು. ಐದನೇದು ಹಳೇ ಥರದ ಅಲರ್ಜಿ ಮಾತ್ರೆ. ಯಾಕೆ ತಗೋತಾರೆ ಅಂದ್ರೆ, ಅದು ತಗೊಂಡ್ರೆ ರಾತ್ರಿ ನಿದ್ದೆ ಚೆನ್ನಾಗಿ ಬರತ್ತೆ ಅಂತ, ಎರಡು ವರ್ಷದಿಂದ ದಿನಾ. ನಂಗೆ ಮೈ ಜುಂ ಅಂತು. ಆ ಥರದ ಮಾತ್ರೆ ಮೆದುಳಲ್ಲಿ ತಡೆಯೋದು ಅದೇ ಅಸಿಟೈಲ್‌ಕೋಲಿನ್ನನ್ನ, ವಯಸ್ಸಾದವ್ರಲ್ಲಿ ಮಂಕು, ಗೊಂದಲ, ಮರೆವು ತರತ್ತೆ ಅಂತ ಹಿರಿಯರಿಗೆ ಕೊಡಬಾರದ ಔಷಧಿಗಳ ಪಟ್ಟೀಲೇ ಅದು ಇದೆ. ರಾತ್ರಿ ಒಂದು ಮಾತ್ರೆ ಅದನ್ನ ತಡೀತಿದೆ, ಬೆಳಿಗ್ಗೆ ಆ ಹಸಿರು ಬಾಟಲಿಂದ ಅದನ್ನೇ ಹೆಚ್ಚಿಸೋ ಇನ್ನೊಂದು ಕೊಡೋಕೆ ಹೊರಟಿದ್ದ ಅವನು. ನೀನಾಗೇ ನಿಲ್ಲಿಸ್ಬೇಡ, ಡಾಕ್ಟ್ರಿಗೆ ಏಳೂ ತೋರ್ಸು, ಇದನ್ನ ಮೊದಲು ತೋರ್ಸು ಅಂದೆ.

ಮಂಗಳವಾರಕ್ಕೆ ಅಪಾಯಿಂಟ್ಮೆಂಟ್ ಸಿಕ್ಕಿದೆಯಂತೆ. ಬಾಟಲಿನ ಸೀಲ್ ಇನ್ನೂ ಒಡೆದಿಲ್ಲ, ಅದನ್ನೂ ಕವರಲ್ಲಿ ಹಾಕ್ಕೊಂಡು ಹೋಗ್ತೀನಿ ಅಂದ.